ಮೂವತ್ತಾರು ತಲೆಮಾರಿನ ಇಲಿ

ಮಸಗುಪ್ಪಿಯಲ್ಲಿ ಕಸ್ತೂರಿಯನ್ನು ‘ಇಲಿ ಮೇಡಂ’ ಎನ್ನುತ್ತಾರೆ. ಬೆನ್ನ ಹಿಂದೆಯೇ ಎನ್ನುವುದು, ಆದರೆ ಅವಳಿಗೆ ಕೇಳಿಸುವಷ್ಟು ಜೋರಾಗಿ. ಕಿರಾಣಿ ಅಂಗಡಿಗೆ ಇಲಿ ಪಾಷಾಣ ಕೊಳ್ಳಲು ಬಂದವರು ಅವಳನ್ನು ಕಂಡರೆ ಪೊಟ್ಟಣವನ್ನು ಅಡಗಿಸಿಕೊಂಡಂತೆ ಮಾಡಿ ನಗುತ್ತಾರೆ. ಅವಳೂ ನಗುತ್ತಾಳೆ. ನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದರೂ ಒಂದು ಇಲಿಯನ್ನೂ ಕೈಯಿಂದ ಮುಟ್ಟಿಲ್ಲ ಎಂದರೆ ಯಾರೂ ನಂಬುವುದಿಲ್ಲ.

ರೋಗಗಳನ್ನು ಅಭ್ಯಾಸ ಮಾಡುವ ಪ್ರಯೋಗಾಲಯಗಳಲ್ಲಿ ಸಾವಿರಾರು ತಳಿಯ ಇಲಿಗಳಿವೆ. ಒಂದು ತಳಿಗೆ ಸಕ್ಕರೆ ಕಾಯಿಲೆ, ಇನ್ನೊಂದಕ್ಕೆ ಕಿವಿ ಕೇಳಿಸದು, ಮತ್ತೊಂದಕ್ಕೆ ಮೂತ್ರಪಿಂಡ ಬೇಗ ಸೋಲುತ್ತದೆ. ಯಾವ ತಳಿ ಯಾವ ಊರಿನ ಯಾವ ಸಂಸ್ಥೆಯಲ್ಲಿದೆ, ಜೀವಂತ ಇದೆಯೋ, ಭ್ರೂಣವನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದಾರೋ ಎಂಬುದೆಲ್ಲ ಹುಡುಕಿದರೆ ಒಂದೇ ಕಡೆ ಸಿಗುವ ಹಾಗೆ ಮಾಡಿದ ಡಾಟಾಬೇಸ್ ಒಂದಿದೆ. ಅದರಲ್ಲಿ ಒಂದೇ ಇಲಿ ಐದು ಹೆಸರಿನಲ್ಲಿ ಇರುತ್ತದೆ. ಐದು ಬೇರೆಬೇರೆ ಇಲಿಗಳು ಒಂದೇ ಹೆಸರಿನಲ್ಲಿ ಕೂತಿರುತ್ತವೆ. ಹುಡುಕಿದವರಿಗೆ ಬೇಕಾದದ್ದು ಸಿಗದೆ ಬೇಡವಾದದ್ದು ಸಿಗುತ್ತದೆ. ಇದನ್ನು ಸರಿಮಾಡುವ ಗುತ್ತಿಗೆ ಹಿಡಿದ ಕಚೇರಿ ಗೋಕಾಕದಲ್ಲಿ, ಒಂದು ಔಷಧ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಆರು ಜನ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಮಾಡಿ, ಕಾಲೇಜಿನ ಕೆಲಸಕ್ಕೆ ಮೂರು ಸಲ ಅರ್ಜಿ ಹಾಕಿ ಸುಮ್ಮನಾಗಿದ್ದ ಕಸ್ತೂರಿ ಅಲ್ಲಿ ಎಲ್ಲರಿಗಿಂತ ಹಳಬಳು. ವಾರದಲ್ಲಿ ಮೂರು ದಿನ ಗೋಕಾಕದ ಬಸ್ಸು, ಎರಡು ದಿನ ಮನೆಯಿಂದ ಕೆಲಸ. ಒಂದೇ ತಳಿಯ ಎರಡು ದಾಖಲೆ ಕಂಡರೆ ಕೂಡಿಸಿ ಒಂದು ಮಾಡುವ ಹಕ್ಕು, ಮೇಲಧಿಕಾರಿ ಸದಾಶಿವ ಅವರನ್ನು ಬಿಟ್ಟರೆ ಅವಳೊಬ್ಬಳಿಗೇ ಇತ್ತು.

ಆ ಶುಕ್ರವಾರ ಅವಳು ರಜೆ ಹಾಕಿದ್ದಳು. ಅರ್ಜಿಯಲ್ಲಿ ‘ಮನೆಯಲ್ಲಿ ಕಾರ್ಯಕ್ರಮ’ ಎಂದು ಬರೆದಿದ್ದಳು. ಕಾರ್ಯಕ್ರಮ ಎಂದರೆ ಕುರಿಯ ಉಣ್ಣೆ ಕತ್ತರಿಸುವುದು. ಮನೆಯ ನೂರಾ ಎಂಬತ್ತು ಕುರಿಗಳಿಗೆ ಇಪ್ಪತ್ತನಾಲ್ಕು ಗಂಡಸರು ಕತ್ತರಿ ಹಿಡಿದು ಬಂದಿದ್ದರು. ಕೂಲಿಗೆ ಬಂದವರಲ್ಲ, ಮುಯ್ಯಿಗೆ ಬಂದವರು. ಇಂದು ಇವರು ನಮ್ಮ ಕುರಿ ಕತ್ತರಿಸಿದರೆ ನಾಳೆ ನಮ್ಮ ಗಂಡಸರು ಅವರ ಹಟ್ಟಿಗೆ ಹೋಗಿ ಕತ್ತರಿಸುತ್ತಾರೆ. ಯಾರು ಯಾರ ಮನೆಗೆ ಎಷ್ಟು ದಿನ ದುಡಿದರು ಎಂಬುದು ಹತ್ತು ವರ್ಷವಾದರೂ ಯಾರಿಗೂ ಮರೆಯುವುದಿಲ್ಲ. ಅವರಿಗೆಲ್ಲ ರೊಟ್ಟಿ ಬಡಿಯುವವರಿಗೆ ಮಾತ್ರ ಮುಯ್ಯಿ ಇಲ್ಲ. ತುಕ್ಕಾನಟ್ಟಿಯ ತವರಿನಲ್ಲೂ ಇರಲಿಲ್ಲ, ಇಲ್ಲೂ ಇಲ್ಲ.

ನೂರಿಪ್ಪತ್ತು ರೊಟ್ಟಿ ಆಗಬೇಕಿತ್ತು. ಒಂದು ಒಲೆಗೆ ಕಸ್ತೂರಿ, ಇನ್ನೊಂದಕ್ಕೆ ಅವಳ ಗಂಡನ ಅಣ್ಣನ ಹೆಂಡತಿ ಯಮನವ್ವ. ಅತ್ತೆ ಶೆಟ್ಟೆವ್ವ ಬದನೆಕಾಯಿ ಪಲ್ಯದ ಬೋಗುಣಿಯ ಮುಂದೆ. ಉಣ್ಣೆ ಕತ್ತರಿಸುವ ದಿನ ಹಂಚಿನ ಮುಂದೆ ಕೂತವಳು ಕಡೆಯ ರೊಟ್ಟಿ ಇಳಿಯುವ ತನಕ ಏಳಬಾರದು ಎಂಬುದು ಆ ಮನೆಯ ಕಟ್ಟಳೆ. ಎದ್ದರೆ ಕುರಿಗೆ ಕತ್ತರಿ ತಾಗುತ್ತದಂತೆ.

ಹತ್ತೂ ನಲವತ್ತಕ್ಕೆ ಫೋನು ಬಂತು. ಕಚೇರಿಯ ಫರೀನ. ಗೋಕಾಕದ ಹುಡುಗಿ, ಕಸ್ತೂರಿಯ ಕೈಕೆಳಗೆ ಕೆಲಸ ಕಲಿತವಳು. ಕಸ್ತೂರಿ ಹಿಟ್ಟಿನ ಬೆರಳಿನಿಂದಲೇ ಸ್ಪೀಕರ್ ಒತ್ತಿದಳು.

“ಅಕ್ಕಾ, ರಜಾದಾಗ ಫೋನ್ ಹಚ್ಚೀನಿ ಅಂತ ಬೈಬ್ಯಾಡ್ರಿ. ಚಲೋ ಸುದ್ದಿ ಐತಿ. ಪುಣೆದವರು ಥ್ಯಾಂಕ್ಸ್ ಅಂತ ಮೇಲ್ ಕಳಿಸ್ಯಾರ.”

“ಯಾವ ಪುಣೆದವರು?”

“ಅದೇ, ಮೂತ್ರಪಿಂಡದ ಇಲಿ ಸಾಕಿದವರು. ಅವರ ತಳಿನೂ ಬೆಂಗಳೂರಿನ ತಳಿನೂ ಒಂದೇ ಅಂತ ಹೋದ ತಿಂಗಳ ನೀವು ಕೂಡಿಸಿದ್ರೆಲ್ಲ. ಬೆಂಗಳೂರಾಗ ಹೆಪ್ಪುಗಟ್ಟಿಸಿ ಇಟ್ಟಾರ ಅಂದಮ್ಯಾಲ ನಾವ್ಯಾಕ ಸಾಕೂದು ಅಂತ ಇವತ್ತ ಮಧ್ಯಾಹ್ನ ಒಂದು ಗಂಟೆಯೊಳಗ ಮುಚ್ಚಾಕತ್ತಾರಂತ. ಹದಿನಾಲ್ಕು ಪಂಜರ ಖಾಲಿ ಆಗ್ತಾವಂತ. ನಿಮ್ಮ ಕೆಲಸಕ್ಕ ಹೊಗಳ್ಯಾರ ಅಕ್ಕಾ.”

“ಆತವಾ,” ಎಂದು ಕಸ್ತೂರಿ ಫೋನು ಇಟ್ಟಳು.

“ಏನಂತ? ಇಲಿ ಹಡದಾವಂತೇನು?” ಎಂದಳು ಯಮನವ್ವ.

“ಇಲ್ಲಕ್ಕಾ. ಮುಚ್ಚತಾರಂತ.”

“ಮುಚ್ಚಲಿ. ಒಲಿ ಉರಿ ಮುಂದ ಮಾಡ.”

ಅಡುಗೆಮನೆಯ ಹಿಂಬಾಗಿಲು ಅಂಗಳಕ್ಕೆ ತೆರೆಯುತ್ತದೆ. ಬಾಗಿಲ ಹತ್ತಿರವೇ ಗಂಡನ ಚಿಕ್ಕಪ್ಪ ಬೀರಸಿದ್ದಪ್ಪ ಒಂದು ಕರಿ ಕುರಿಯನ್ನು ಮಲಗಿಸಿಕೊಂಡು ಕತ್ತರಿ ಆಡಿಸುತ್ತಿದ್ದ.

“ಏ ಕಸ್ತೂರಿ, ನೋಡಿಲ್ಲಿ, ನಿನ್ನ ಕುರಿ. ನೀ ಮದುವ್ಯಾಗಿ ಬರೂ ಮುಂದ ನಿಮ್ಮಪ್ಪ ಒಂದು ಕುರಿ ಹೊಡದುಕೊಟ್ಟಿದ್ದನೆಲ್ಲ, ಅದರ ಸಂತಾನ.”

“ಎಷ್ಟನೇದು ಕಾಕಾ?” ಎಂದು ಬಾಜೂ ಕೂತವನು ಕೇಳಿದ.

“ಲೆಕ್ಕ ಹಾಕ. ಒಂಬತ್ತ ವರ್ಷ ಆತು. ಎರಡ ವರ್ಷಕ್ಕೊಂದು ತಲಿಮಾರು ಹಿಡಿ. ಐದನೇದಕ್ಕ ಬಿದ್ದೈತಿ.”

ಕಸ್ತೂರಿಯ ಕೈ ರೊಟ್ಟಿಯ ಮೇಲೆ ನಿಂತಿತು.

ಎರಡು ವರ್ಷಕ್ಕೊಂದು. ಬೆಂಗಳೂರಿನಿಂದ ಆ ಇಲಿಗಳು ಪುಣೆಗೆ ಹೋಗಿ ಹನ್ನೊಂದು ವರ್ಷ. ಹನ್ನೊಂದಕ್ಕೆ ಐದೂವರೆ, ಆರು ಎಂದು ಹಿಡಿ. ಆರು ಎಂದು ಅವಳೇ ಬರೆದಿದ್ದಳು. ತವರಿನಲ್ಲಿ ಅಪ್ಪ ಬೆರಳ ಗೆಣ್ಣಿನ ಮೇಲೆ ಎಣಿಸಿ ಕಲಿಸಿದ ಲೆಕ್ಕ ಅದು, ಕುರಿಯ ಲೆಕ್ಕ. ಇಲಿ ಎರಡು ವರ್ಷಕ್ಕೆ ಒಂದಲ್ಲ, ಒಂದೇ ವರ್ಷದಲ್ಲಿ ಮೂರು ನಾಲ್ಕು ತಲೆಮಾರು ದಾಟುತ್ತದೆ. ಹನ್ನೊಂದು ವರ್ಷಕ್ಕೆ ಮೂವತ್ತು ದಾಟಿರುತ್ತದೆ. ಇಪ್ಪತ್ತು ತಲೆಮಾರು ಬೇರೆಯಾಗಿ ಬೆಳೆದರೆ ಅದನ್ನು ಬೇರೆ ಉಪತಳಿ ಎಂದೇ ಬರೆಯಬೇಕು, ಕೂಡಿಸಬಾರದು. ಇದು ಅವಳೇ ಫರೀನಳಿಗೆ ಮೊದಲ ದಿನ ಹೇಳಿಕೊಟ್ಟ ನಿಯಮ.

ಹಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು.

“ಸೀಯಾಕತ್ತೈತಿ!” ಎಂದು ಅತ್ತೆ ಕೂಗಿದಳು.

ಕಸ್ತೂರಿ ರೊಟ್ಟಿ ತೆಗೆದು ಎದ್ದು ನಿಂತಳು. ಅತ್ತೆಯ ಕೈಯಲ್ಲಿದ್ದ ಸೌಟು ಅಲ್ಲಿಯೇ ನಿಂತಿತು. ಅವಳು ಬಂದ ಒಂಬತ್ತು ವರ್ಷದಲ್ಲಿ ಉಣ್ಣೆ ಕತ್ತರಿಸುವ ದಿನ ಆ ಮನೆಯಲ್ಲಿ ಹಾಗೆ ಎದ್ದವರಿರಲಿಲ್ಲ.

“ಕುಂದರು,” ಎಂದಳು ಶೆಟ್ಟೆವ್ವ.

“ಅತ್ತಿ, ನಾ ಒಂದು ತಪ್ಪ ಮಾಡೀನಿ. ಒಂದು ಗಂಟೆಯೊಳಗ ಸರಿ ಮಾಡ್ಲಿಲ್ಲಂದ್ರ ಆ ಇಲಿ ಎಲ್ಲಾ ಸಾಯ್ತಾವು. ಜಗತ್ತಿನ್ಯಾಗ ಮತ್ತೆಲ್ಲೂ ಇಲ್ಲ ಅವು.”

“ಇಲಿ ಇಲ್ಲಂದ್ರ ಜಗತ್ತಿಗೆ ಏನು ಕಡಿಮಿ? ಕಣಜದಾಗ ಬೇಕಾದಷ್ಟದಾವು, ಹಿಡಕೊಂಡು ಹೋಗ. ಇಪ್ಪತ್ತನಾಕ ಮಂದಿ ಒಂದು ಗಂಟೆಕ್ಕ ಉಣ್ಣಾಕ ಬರ್ತಾರ.”

ಯಮನವ್ವ ತಲೆ ಎತ್ತಲಿಲ್ಲ. ಅವಳ ಕೈ ರೊಟ್ಟಿಯ ಸುತ್ತ ತಿರುಗುತ್ತಲೇ ಇತ್ತು. “ಹೋಗವ್ವಾ, ಹೋಗ. ನಿನ್ನ ಇಲಿ ಸಾಯಬಾರದು ಅಂತ ನನ್ನ ಬೆನ್ನು ಸಾಯಲಿ,” ಎಂದಳು.

ಕಸ್ತೂರಿ ಕೈಯ ಹಿಟ್ಟನ್ನು ಸೀರೆಗೆ ಒರೆಸಿಕೊಂಡು ಲ್ಯಾಪ್‌ಟಾಪ್ ಎತ್ತಿಕೊಂಡಳು. ಮನೆಯೊಳಗೆ ಫೋನು ಹೇಗೋ ಬರುತ್ತದೆ, ಇಂಟರ್ನೆಟ್ ಮಾಳಿಗೆಯ ಮೇಲೆ ಮಾತ್ರ ಬರುತ್ತದೆ. ಅಂಗಳದಲ್ಲಿದ್ದ ಇಪ್ಪತ್ತನಾಲ್ಕು ಗಂಡಸರ ಕಣ್ಣೆದುರು ಅವಳು ಏಣಿ ಹತ್ತಿದಳು.

ಬಿಸಿಲಿನಲ್ಲಿ ಪರದೆ ಕಾಣುತ್ತಿರಲಿಲ್ಲ. ಸೆರಗನ್ನು ತಲೆಯಿಂದ ತೆಗೆದು ಲ್ಯಾಪ್‌ಟಾಪಿನ ಮೇಲೆ ಎಳೆದುಕೊಂಡು, ಅದರೊಳಗೆ ಮುಖ ತೂರಿಸಿ ದಾಖಲೆ ತೆರೆದಳು. ಅವಳದೇ ಟಿಪ್ಪಣಿ: ‘ಬೇರ್ಪಟ್ಟು ಹನ್ನೊಂದು ವರ್ಷ. ಅಂದಾಜು ಆರು ತಲೆಮಾರು. ಒಂದೇ ತಳಿ. ಕೂಡಿಸಲಾಗಿದೆ.’ ದಿನ, ಮಂಗಳವಾರ. ಸಮಯ, ಬೆಳಿಗ್ಗೆ ಏಳೂ ಐವತ್ತು.

ಆ ಮಂಗಳವಾರ ಅವಳಿಗೆ ನೆನಪಿತ್ತು. ಮನೆಯಿಂದ ಕೆಲಸದ ದಿನ. ಮನೆಯಿಂದ ಕೆಲಸ ಎಂದರೆ ಮನೆಯ ಕೆಲಸವೂ ಇದ್ದೇ ಇದೆ ಎಂದು ಎಲ್ಲರೂ ತಿಳಿದಿದ್ದರು; ತಿಳಿಯದ ಹಾಗೆ ಮಾಡಲು ಅವಳಿಂದಲೂ ಆಗಿರಲಿಲ್ಲ. ಒಂಬತ್ತು ಗಂಟೆಗೆ ಅರವತ್ತು ದಾಖಲೆಗಳ ಕಂತು ಕಳಿಸಬೇಕಿತ್ತು. ಮಾಳಿಗೆಗೆ ಹತ್ತಿ ಇಳಿದು ಕೂತದ್ದು ನಲವತ್ತು ನಿಮಿಷ. ಅದರೊಳಗೆ ಹಾಲು ಉಕ್ಕಿತ್ತು, ಗಂಡನ ಅಂಗಿ ಸಿಕ್ಕಿರಲಿಲ್ಲ, ನೀರು ಬಂದಿತ್ತು. ನಳದ ಕೆಳಗಿನ ಕೊಡ ತುಂಬುವ ಸದ್ದಿಗೆ ಒಂದು ಕಿವಿ ಕೊಟ್ಟು ಅವಳು ಹನ್ನೊಂದು ವರ್ಷವನ್ನು ಬೆರಳ ಗೆಣ್ಣಿನ ಮೇಲೆ ಎಣಿಸಿದ್ದಳು. ಕಲಿತ ವಿದ್ಯೆ ಹಿಂದೆ ನಿಂತಿತ್ತು, ಕೈಗೆ ರೂಢಿಯಾದದ್ದು ಮುಂದೆ ಬಂದಿತ್ತು.

ಪ್ರಕಟವಾದ ದಾಖಲೆಯನ್ನು ಮತ್ತೆ ಬಿಡಿಸುವ ಹಕ್ಕು ಅವಳಿಗಿರಲಿಲ್ಲ. ಸದಾಶಿವ ಅವರಿಗೆ ಫೋನು ಹಚ್ಚಿದಳು. ಅವರು ಜಮೀನಿನ ಕಾಗದಕ್ಕೆಂದು ಹುಕ್ಕೇರಿಗೆ ಹೋಗಿದ್ದರು. ಹಿಂದೆ ಯಾರೋ ಸರತಿಗಾಗಿ ಜಗಳಾಡುವುದು ಕೇಳಿಸುತ್ತಿತ್ತು.

“ಸರ್, ಪುಣೆ ದಾಖಲೆ ತಪ್ಪಾಗೇತ್ರಿ. ಅದು ಬ್ಯಾರೆ ಉಪತಳಿ. ಬಿಡಸ್ಬೇಕ್ರಿ.”

“ಅದನ್ನ ಕೂಡಿಸಿದವರು ಯಾರು?”

“ನಾನ್ರಿ.”

“ನೋಡ್ರಿ ಕಸ್ತೂರಿ, ನಿಮ್ಮನ್ನ ಪರ್ಮನೆಂಟ್ ಮಾಡೂ ಫೈಲು ಇದೇ ವಾರ ಮ್ಯಾಲಿನವರ ಮುಂದ ಐತಿ. ನೀವು ತಿದ್ದುಪಡಿ ಅರ್ಜಿ ಹಾಕಿದ್ರ ಅದು ದಾಖಲೆ ಇತಿಹಾಸದಾಗ ಕಾಯಂ ಉಳೀತೈತಿ. ಹೆಸರು, ತಪ್ಪು, ಕಾರಣ, ಎಲ್ಲಾ. ವಿಚಾರ ಮಾಡ್ರಿ.”

“ಮಾಡೀನ್ರಿ ಸರ್.”

“ಹಂಗಾರ ಪುರಾವೆ ಕಳಸ್ರಿ. ಎಷ್ಟನೇ ತಲೆಮಾರು ಅಂತ ಪಂಜರಕ್ಕ ಹಚ್ಚಿದ ಚೀಟಿಯೊಳಗ ಇರ್ಬೇಕು. ಬರೇ ಲೆಕ್ಕದ ಮ್ಯಾಲ ನಾ ಬಿಡಸಂಗಿಲ್ಲ.”

ಫೋನು ಇಟ್ಟ ಮೇಲೆ ಕಸ್ತೂರಿ ಅಲ್ಲಿಯೇ ಕೂತಳು. ವಿಚಾರ ಮಾಡಿದ್ದೇನೆ ಎಂದದ್ದು ಸುಳ್ಳು, ಮಾಡತೊಡಗಿದ್ದು ಈಗ. ಸುಮ್ಮನೆ ಕೆಳಗಿಳಿದು ಹಂಚಿನ ಮುಂದೆ ಕೂತರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಒಂದು ಗಂಟೆಗೆ ಇಲಿಗಳು ಇರುವುದಿಲ್ಲ. ಅವು ಬೇರೆಯೇ ಆಗಿದ್ದವು ಎಂದು ತೋರಿಸಲು ಯಾವ ಸಾಕ್ಷಿಯೂ ಉಳಿಯುವುದಿಲ್ಲ. ಅವಳ ತಪ್ಪು ಎಂದೆಂದಿಗೂ ಸರಿಯಾಗಿಯೇ ಇರುತ್ತದೆ, ಪುಣೆಯವರ ಥ್ಯಾಂಕ್ಸ್ ಸಮೇತ. ಅವಳು ಪುಣೆಯ ನಂಬರು ಹುಡುಕಿದಳು. ಹನ್ನೊಂದೂ ಇಪ್ಪತ್ತು.

ಪುಣೆಯ ಪ್ರಾಣಿಗೃಹದಲ್ಲಿ ಇಲಿಗಳನ್ನು ನೋಡಿಕೊಳ್ಳುವವನು ಯಮಕನಮರಡಿಯ ವೀರಪ್ಪ. ಹದಿನೆಂಟು ವರ್ಷದಿಂದ ಅಲ್ಲಿದ್ದಾನೆ. ಹಿಂದೆ ಒಂದೆರಡು ಸಲ ಚೀಟಿಯ ವಿವರ ಕೇಳಲು ಫೋನು ಮಾಡಿದಾಗ, ಮಾತಿನ ಮೇಲೆ ಊರು ಗುರುತಿಸಿ, ‘ನೀ ನಮ್ಮ ಕಡೆದಾಕಿ’ ಎಂದು ತಂಗೆವ್ವ ಎನ್ನತೊಡಗಿದ್ದ. ಈಗ ಮೂರನೆಯ ಸಲ ಹಚ್ಚಿದಾಗ ಎತ್ತಿದ.

“ವೀರಪ್ಪಣ್ಣ, ಮೂತ್ರಪಿಂಡದ ಇಲಿ ಅದಾವೋ ಹೋದವೋ?”

“ಐದು ಪಂಜರ ಮುಂಜಾನೇನ ಹೋದವು ತಂಗೆವ್ವ. ಒಂಬತ್ತು ಅದಾವು. ಯಾಕ?”

“ಚೀಟಿ ಮ್ಯಾಲ ಎಷ್ಟನೇ ತಲಿಮಾರು ಅಂತ ಬರದೈತಿ?”

ಕಬ್ಬಿಣದ ಕಪಾಟಿನಿಂದ ಪಂಜರ ಎಳೆಯುವ ಸದ್ದು. “ಮೂವತ್ತಾರು.”

ಅವಳು ಕಣ್ಣು ಮುಚ್ಚಿದಳು. “ಅಣ್ಣಾ, ಬೆಂಗಳೂರಿನ ಇಲಿ ನಾಕು ತಿಂಗಳಿಗೆ ಸಾಯ್ತಾವಂತ ಬರದಾರ. ನಿಮ್ಮವು?”

“ನಮ್ಮವು ಎಂಟ, ಒಂಬತ್ತ ತಿಂಗಳ ತನಕ ಆರಾಮ ಇರ್ತಾವು. ನಾಕೈದು ವರ್ಷದಿಂದ ನೋಡಾಕತ್ತೇನಿ. ಚೀಟಿ ಹಿಂದ ಪೆನ್ಸಿಲಿಲೆ ಸತ್ತ ತಾರೀಖ ಬರದಿಟ್ಟೇನಿ.”

“ಇದನ್ನ ನಿಮ್ಮ ಪ್ರಯೋಗಾಲಯದ ಡಾಕ್ಟರ್ ಮೇಡಂಗ ಹೇಳೀರೇನು?”

“ಎರಡ ಸಲ ಹೇಳೇನಿ. ‘ಚಲೋ ನೋಡ್ಕೋತೀಯಪ್ಪ’ ಅಂದ್ರು.” ಅವನು ನಕ್ಕ. “ನಾ ಚಲೋ ನೋಡ್ಕೊಂಡ್ರ ಮೂತ್ರಪಿಂಡ ಸರಿ ಆಗ್ತಾವೇನು?”

ಅವುಗಳ ಮೂತ್ರಪಿಂಡ ಇಷ್ಟು ದಿನ ಉಳಿಯುತ್ತದೆ ಎಂಬುದು ಇಡೀ ಡಾಟಾಬೇಸ್‌ನಲ್ಲಿ ಯಾವ ಪದ ಹಾಕಿ ಹುಡುಕಿದರೂ ಸಿಗುತ್ತಿರಲಿಲ್ಲ. ಅದು ಒಬ್ಬ ಪಂಜರ ತೊಳೆಯುವವನ ಪೆನ್ಸಿಲಿನಲ್ಲಿತ್ತು.

“ನಿಲ್ಲಸ್ರಿ ಅಣ್ಣಾ. ಒಂದು ಗಂಟೆ ತನಕ ನಿಲ್ಲಸ್ರಿ.”

“ನನ್ನ ಮಾತಿಗೆ ಏನೂ ನಿಲ್ಲಂಗಿಲ್ಲ ತಂಗೆವ್ವ. ಮೇಡಂ ಮೀಟಿಂಗಿನ್ಯಾಗ ಅದಾರ, ಫೋನ್ ಎತ್ತಂಗಿಲ್ಲ. ನಿಮ್ಮ ಕಡಿಂದ ಬರವಣಿಗಿ ಬರ್ಬೇಕು. ಅಲ್ಲಿ ಮಟ ನಾ ಪಂಜರದಾಗಿನ ಹೊಟ್ಟಿನ ಹಾಸಿಗಿ ಬದಲಾಸ್ಕೋತ ಹೊತ್ತು ತಳ್ಳತೇನಿ.”

“ಸಾಯಿಸೂ ಮುಂದ ಹಾಸಿಗಿ ಬದಲಾಸಿದ್ರ ಯಾರೂ ಕೇಳಂಗಿಲ್ಲೇನು?”

“ನಾವು ಏನ್ ತೊಳೀತೀವಿ, ಎಷ್ಟೊತ್ತು ತೊಳೀತೀವಿ ಅಂತ ಯಾರು ನೋಡ್ತಾರ ತಂಗೆವ್ವ? ಆದ್ರೂ ಭಾಳ ತಡಾ ಆದ್ರ ಆಗಂಗಿಲ್ಲ. ಬಾಜೂದಾಗ ಇನ್ನೊಬ್ಬ ಅದಾನ, ಅವನ ಕೈ ಭಾಳ ಚುರುಕು.”

ಚೀಟಿಗಳ ಫೋಟೋ ಒಂದೊಂದಾಗಿ ಬರತೊಡಗಿದವು. ಪ್ರತಿ ಫೋಟೋದ ಮೇಲೆ ಸಣ್ಣ ಚಕ್ರ ತಿರುಗುತ್ತ ನಿಲ್ಲುವುದು, ಮತ್ತೆ ತಿರುಗುವುದು. ಕೆಳಗಿನಿಂದ ಸುಟ್ಟ ಹಿಟ್ಟಿನ ವಾಸನೆ ಮೇಲೆ ಬರುತ್ತಿತ್ತು. ಅವಳ ಒಲೆ ಆರಿರಬೇಕು. ಯಮನವ್ವ ಒಬ್ಬಳೇ ಬಡಿಯುವ ಸದ್ದು, ಪಟ ಪಟ ಎಂದು, ಎರಡು ರೊಟ್ಟಿಯ ನಡುವೆ ಉಸಿರಾಡಲೂ ಬಿಡುವಿಲ್ಲದಂತೆ ಕೇಳಿಸುತ್ತಿತ್ತು. ಅಂಗಳದಲ್ಲಿ ಯಾರೋ ಒಬ್ಬ, “ಇಲಿ ಮೇಡಂ ಮಾಳಿಗಿ ಏರ್ಯಾರ, ಕೆಳಗ ಬೆಕ್ಕ ಬಂದೈತೇನ್ರೋ?” ಎಂದ. ನಗೆ ಎದ್ದಿತು.

ಹನ್ನೆರಡೂ ಹತ್ತಕ್ಕೆ ಗಂಡ ದುಂಡೇಶ ಏಣಿ ಹತ್ತಿ ಬಂದ. ಮೈತುಂಬ ಉಣ್ಣೆ.

“ಏನ್ ನಡಸಿ? ಅವ್ವ ಕೆಳಗ ಕುಣಿಯಾಕತ್ತಾಳ. ಮಂದಿ ನಗಾಕತ್ತಾರ. ನಡಿ ಕೆಳಗ.”

“ಇನ್ನ ಅರ್ಧಾ ತಾಸು.”

“ಒಂದು ಇಲಿ ಸಲುವಾಗಿ ಇಪ್ಪತ್ತನಾಕ ಮಂದಿನ ಉಪವಾಸ ಕೆಡವ್ತೀ?”

“ರೊಟ್ಟಿ ನೀವು ಬಡೀರಿ.”

ಅವನು ನಕ್ಕ. ಅವಳು ನಗದಿದ್ದುದನ್ನು ನೋಡಿ ನಗೆ ನಿಲ್ಲಿಸಿದ. ಅವನು ಕೆಟ್ಟವನಲ್ಲ, ರೊಟ್ಟಿ ಬಡಿಯುವುದು ತನ್ನ ಕೈಯ ಕೆಲಸವೂ ಆಗಬಹುದೆಂದು ಆ ಮಧ್ಯಾಹ್ನದವರೆಗೆ ಯಾರೂ ಅವನಿಗೆ ಹೇಳಿರಲಿಲ್ಲ, ಹೇಳಿದ ಮೇಲೂ ಅವನಿಗೆ ಅದು ಚೇಷ್ಟೆಯಾಗಿ ಕೇಳಿಸಿತು. “ಪರದೆ ಕಾಣವಲ್ದು, ಆ ಕಂಬಳಿ ಹಿಡೀರಿ,” ಎಂದಳು. ಅವನು ಹೆಗಲ ಮೇಲಿನ ಕಂಬಳಿಯನ್ನು ಬಿಡಿಸಿ ಅವಳ ತಲೆಯ ಮೇಲೆ ನೆರಳು ಹಿಡಿದ. ಆರು ನಿಮಿಷ ಹಿಡಿದ. ಹೆಂಡತಿಯ ನೌಕರಿಗೆ ತಾನು ಎಷ್ಟು ಆಸರೆಯಾಗಿದ್ದೇನೆ ಎಂದು ಈಗಲೂ ಬೀಗರ ಮುಂದೆ ಆ ಆರು ನಿಮಿಷದ ಕತೆ ಹೇಳುತ್ತಾನೆ.

ಕಂಬಳಿಯ ನೆರಳಿನಲ್ಲಿ, ಅವನು ಹೋದ ಮೇಲೆ ಸೆರಗಿನ ನೆರಳಿನಲ್ಲಿ, ಅವಳು ಅರ್ಜಿ ತುಂಬಿದಳು. ತಳಿ. ಹಳೆಯ ತೀರ್ಮಾನ. ಹೊಸ ಪುರಾವೆ: ಒಂಬತ್ತು ಚೀಟಿ, ಮೂವತ್ತಾರನೆಯ ತಲೆಮಾರು, ಸತ್ತ ತಾರೀಖುಗಳು. ಗಮನಿಸಿದವರು ಎಂಬ ಕಡೆ ಸಾಮಾನ್ಯವಾಗಿ ವಿಜ್ಞಾನಿಯ ಹೆಸರು ಇರುತ್ತದೆ. ಅವಳು ‘ವೀರಪ್ಪ, ಪ್ರಾಣಿಗೃಹ ಸಹಾಯಕ’ ಎಂದು ಬರೆದಳು. ಕಡೆಗೆ, ತಪ್ಪಿಗೆ ಕಾರಣ. ‘ಅವಸರ’ ಎಂದು ಬರೆದಳು. ಆ ಒಂದು ಪದ ಅವಳಿಗೆ ಸುಳ್ಳಿನ ಹಾಗೆ ಕಂಡಿತು. ಅವಸರ ಯಾರದು? ಅಳಿಸಿ, ಬೇಗಬೇಗ ನಾಲ್ಕು ಸಾಲು ಬರೆದು ಕಳಿಸಿದಳು. ಹನ್ನೆರಡೂ ಮೂವತ್ತೆಂಟು.

ಸದಾಶಿವ ಫೋನು ಎತ್ತಲಿಲ್ಲ. ಮತ್ತೆ ಹಚ್ಚಿದಳು. ಮತ್ತೆ. ಫರೀನಳಿಗೆ ಹಚ್ಚಿದಳು. “ನಾನೂ ಹಚ್ಚಾಕತ್ತೇನಕ್ಕಾ, ಎತ್ತವಲ್ರು,” ಎಂದು ಅಳುವ ದನಿಯಲ್ಲಿ ಅಂದಳು ಫರೀನ. ಹನ್ನೆರಡೂ ಐವತ್ತೆರಡಕ್ಕೆ ಪರದೆಯ ಮೇಲೆ ಒಂದೇ ದಾಖಲೆ ಎರಡಾಯಿತು; ಸದಾಶಿವ ಹುಕ್ಕೇರಿಯಿಂದಲೇ ಒಪ್ಪಿಗೆ ಒತ್ತಿದ್ದರು. ಪುಣೆಯ ಸಾಲಿನ ಪಕ್ಕ ಕೆಂಪು ಅಕ್ಷರ: ‘ಪ್ರತ್ಯೇಕ ಉಪತಳಿ. ಬೇರೆಲ್ಲಿಯೂ ಸಂಗ್ರಹವಿಲ್ಲ.’ ಪುಣೆಗೆ ಮೇಲ್ ತಾನೇ ಹೋಯಿತು.

ವೀರಪ್ಪನಿಗೆ ಹಚ್ಚಿದಳು. ಫೋನು ಬಂದ್ ಆಗಿತ್ತು.

ಅವಳು ಕೆಳಗಿಳಿದಳು. ಪಂಕ್ತಿ ಕೂತಿತ್ತು. ಶೆಟ್ಟೆವ್ವ ರೊಟ್ಟಿಯ ಬುಟ್ಟಿಯನ್ನು ಅವಳ ಕೈಗೆ ತುರುಕಿದಳು. ಕಸ್ತೂರಿ ಸೊಂಟಕ್ಕೆ ಫೋನು ಸಿಗಿಸಿಕೊಂಡು ಬಡಿಸುತ್ತ ಹೋದಳು. ಒಂದು ಗಂಟೆ. ಒಂದೂ ಹತ್ತು. ಪಲ್ಯ, ಮೊಸರು, ಮತ್ತೊಂದು ರೊಟ್ಟಿ. “ಮೇಡಂ, ಇದು ಸ್ವಲ್ಪ ಸೀದೈತ್ರಿ,” ಎಂದು ಒಬ್ಬ. “ಸೀದದ್ದು ನಂದು, ನನಗ ಕೊಡ್ರಿ,” ಎಂದಳು. ಫೋನು ನಡುಗಲಿಲ್ಲ. ಇಪ್ಪತ್ತನಾಲ್ಕು ಜನರ ದವಡೆಗಳು ಒಟ್ಟಿಗೆ ಅಲ್ಲಾಡುವುದನ್ನು ನೋಡುತ್ತ, ಆ ಚುರುಕು ಕೈಯವನು ಈಗ ಯಾವ ಪಂಜರ ಎತ್ತಿರಬಹುದು ಎಂಬುದೊಂದೇ ಅವಳ ತಲೆಯಲ್ಲಿತ್ತು. ಒಂದೂವರೆ. ಗಂಡಸರು ಎದ್ದು ಕೈತೊಳೆದುಕೊಂಡರು. ಎಲೆ ಅಡಿಕೆಯ ತಟ್ಟೆ ತಿರುಗಿತು.

ಒಂದೂ ನಲವತ್ತಕ್ಕೆ ಫೋನು ಬಂತು. ಏಣಿಯ ಅರ್ಧಕ್ಕೆ ಹತ್ತಿ ನಿಂತು ಎತ್ತಿದಳು.

“ಚಾರ್ಜ್ ಇಳಿದಿತ್ತು ತಂಗೆವ್ವ,” ಎಂದ ವೀರಪ್ಪ. “ಏಳು ಪಂಜರ ಅದಾವು.”

“ಒಂಬತ್ತಿದ್ದವಲ್ಲ ಅಣ್ಣಾ.”

“ಎರಡು ನನ್ನ ಕೈಯಾಗ ಸಿಗಲಿಲ್ಲ. ಹೇಳಿದ್ನೆಲ್ಲ, ಅವನ ಕೈ ಚುರುಕು. ಆಮ್ಯಾಲ ಮೇಡಂ ಓಡಿ ಬಂದ್ರು, ಕೈಯಾಗ ಫೋನು. ಏಳನ್ನೂ ಮ್ಯಾಲಿನ ಕಪಾಟಕ್ಕ ಏರಿಸ್ಯಾರ. ‘ಈ ಪೆನ್ಸಿಲ್ ಬರವಣಿಗಿ ಎಲ್ಲಾ ನಂಗ ಯಾಕ ತೋರಿಸಿಲ್ಲ?’ ಅಂತ ನನ್ನ ಮ್ಯಾಲ ಸಿಟ್ಟಾದ್ರು.” ಅವನು ಒಂದು ಪಂಜರದ ಮುಚ್ಚಳ ತೆರೆದ ಸದ್ದು ಕೇಳಿಸಿತು. “ಗಂಡೂ ಅದಾವು, ಹೆಣ್ಣೂ ಅದಾವು. ತಳಿ ಉಳೀತೈತಿ. ಊಟಾ ಮಾಡಿಯಿಲ್ಲ?”

ಅವಳು ಊಟ ಮಾಡಿರಲಿಲ್ಲ.

ಸೋಮವಾರ ಗೋಕಾಕದ ಕಚೇರಿಯಲ್ಲಿ ಸದಾಶಿವ ಬಾಗಿಲು ಹಾಕಿ ಅವಳನ್ನು ಕೂರಿಸಿದರು. ಪರ್ಮನೆಂಟ್ ಫೈಲು ವಾಪಸು ಬಂದಿತ್ತು. ದಾಖಲೆ ಕೂಡಿಸುವ ಹಕ್ಕು ಆರು ತಿಂಗಳು ಇಲ್ಲ. ಅಲ್ಲಿಯವರೆಗೆ ಅವಳ ಪ್ರತಿ ತೀರ್ಮಾನವನ್ನು ಫರೀನ ನೋಡಿ ಒಪ್ಪಬೇಕು. ಇನ್ನು ಮುಂದೆ ವರ್ಷದಿಂದ ತಲೆಮಾರನ್ನು ಯಾರೂ ಬಾಯಿಲೆಕ್ಕದಲ್ಲಿ ಹಾಕುವಂತಿಲ್ಲ, ಪಂಜರದ ಚೀಟಿಯ ಸಂಖ್ಯೆ ತುಂಬದಿದ್ದರೆ ದಾಖಲೆ ಕೂಡುವುದೇ ಇಲ್ಲ. ಪ್ರಾಣಿಗಳನ್ನು ನೋಡಿಕೊಳ್ಳುವವರ ಟಿಪ್ಪಣಿಗೆ ಹೊಸ ಜಾಗ, ಅದೂ ಹುಡುಕಿದರೆ ಸಿಗುವಂತೆ. ಇವೆರಡು ಶುಕ್ರವಾರ ರಾತ್ರಿಯೇ ಅವಳು ಬರೆದು ಕಳಿಸಿದ ಸಲಹೆಗಳು. ಅವನ್ನು ಮೇಲಿನವರು ಒಪ್ಪಿದ್ದರು.

“ಎಲ್ಲಾ ಸರಿ,” ಎಂದರು ಸದಾಶಿವ. “ಈ ಕಾರಣದ ಸಾಲು ಮಾತ್ರ ತಗೀರಿ.”

ಅವಳು ಬರೆದದ್ದು ಪರದೆಯ ಮೇಲಿತ್ತು: ‘ಅರವತ್ತು ದಾಖಲೆಗಳಿಗೆ ಸಿಕ್ಕ ಸಮಯ ನಲವತ್ತು ನಿಮಿಷ. ಅದೇ ಹೊತ್ತಿನಲ್ಲಿ ಹಾಲು, ಅಡುಗೆ, ನೀರು ತುಂಬುವುದು, ಮನೆಯವರ ಬಟ್ಟೆ. ಇಲಿಯ ತಲೆಮಾರನ್ನು ಕುರಿಯ ತಲೆಮಾರಿನಂತೆ ಎಣಿಸಿದೆ. ಎಣಿಕೆಯನ್ನು ಎರಡನೆಯ ಸಲ ನೋಡಲಿಲ್ಲ.’

“ಮಾನವ ದೋಷ ಅಂತ ಹಾಕ್ರಿ ಸಾಕು. ಇದು ಮನಿ ಸುದ್ದಿ. ಜಗತ್ತೆಲ್ಲಾ ನೋಡ್ತೈತಿ.”

“ಸರ್, ಒಂದು ಇಲಿ ಬಗ್ಗೆ ನಾವು ಏನೇನ್ ಬರೀತೀವಿ? ಪಂಜರದಾಗ ಎಷ್ಟು ಇಲಿ, ಎಷ್ಟು ತಾಸು ಬೆಳಕು, ಎಷ್ಟು ಸಪ್ಪಳ, ಎಷ್ಟೊತ್ತಿಗೆ ಕೂಳು. ಇದನ್ನೆಲ್ಲ ಬರೀಲಿಲ್ಲಂದ್ರ ಅದರ ಫಲಿತಾಂಶ ನಂಬಬ್ಯಾಡ್ರಿ ಅಂತ ನೀವ ಹೇಳ್ತೀರಿ.”

“ಅದು ಇಲಿ.”

“ಹೌದ್ರಿ. ನಾ ಇಲಿ ಅಲ್ಲ. ಅದಕ್ಕ ಬ್ಯಾಡ ಅಂತೀರೇನು?”

ಸದಾಶಿವ ಕನ್ನಡಕ ತೆಗೆದು ಒರೆಸಿದರು. ತೆಗೆಯಿರಿ ಎಂದು ಮತ್ತೆ ಹೇಳಲಿಲ್ಲ, ಇರಲಿ ಎಂದೂ ಹೇಳಲಿಲ್ಲ. ಸಾಲು ಉಳಿಯಿತು.

ಸಂಜೆ ಮನೆಗೆ ಬಂದು ಕಸ್ತೂರಿ ಯಮನವ್ವನ ಪಕ್ಕ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ನಡೆದದ್ದನ್ನೆಲ್ಲ ಹೇಳಿದಳು. ಫೈಲು ವಾಪಸು ಬಂದದ್ದು, ಏಳು ಪಂಜರದಲ್ಲಿ ಒಂದರ ಇಲಿ ಮರಿ ಹಾಕಿದ್ದು, ಇನ್ನು ಮೇಲೆ ಯಾವ ದೇಶದವರು ಆ ತಳಿ ಹುಡುಕಿದರೂ ಗಮನಿಸಿದವರು ಎಂಬ ಕಡೆ ಯಮಕನಮರಡಿಯ ವೀರಪ್ಪನ ಹೆಸರು ಬರುವುದು.

ಯಮನವ್ವನ ಬಲ ಮುಂಗೈಯ ಮೇಲೆ ಶುಕ್ರವಾರದ ಬೊಬ್ಬೆ ಒಡೆದು ಒಣಗುತ್ತಿತ್ತು. ಅವಳು ಎಲ್ಲ ಕೇಳಿದಳು.

“ಹಾಸಿಗಿ ಬದಲಾಸಿ ಬದಲಾಸಿ ಹೊತ್ತು ತಳ್ಳಿದ್ನಂತ ಅವನ ಹೆಸರು ಬರದಿ?”

“ಹೂಂ ಅಕ್ಕಾ.”

“ಆ ಹೊತ್ತಿನ್ಯಾಗ ಎಂಬತ್ತೆರಡು ರೊಟ್ಟಿ ಬಡದಾಕಿ ನಾನು. ನನ್ನ ಹೆಸರು ಎಲ್ಲಿ ಐತಿ?”

ಅವಳು ಚೇಷ್ಟೆಗೆ ಕೇಳುತ್ತಿರಲಿಲ್ಲ. ಕಸ್ತೂರಿಗೆ ಹಾಲು, ಅಡುಗೆ, ನೀರು ಎಂದು ತಾನು ಬರೆದ ನಾಲ್ಕು ಸಾಲು ನೆನಪಾದವು. ಅವುಗಳಲ್ಲಿ ತನ್ನೊಬ್ಬಳ ನಲವತ್ತು ನಿಮಿಷ ಮಾತ್ರ ಇತ್ತು.

“ಬರದಿಲ್ಲ ಅಕ್ಕಾ,” ಎಂದಳು.

“ಗೊತ್ತೈತಿ,” ಎಂದಳು ಯಮನವ್ವ. ಮೊರವನ್ನು ಕಸ್ತೂರಿಯ ಕಡೆ ಸರಿಸಿ, ಗೋಡೆಗೆ ಬೆನ್ನು ಆನಿಸಿ ಕಾಲು ಚಾಚಿದಳು. “ಇವತ್ತಿನ ಹಿಟ್ಟು ನೀ ಕಲಸು. ನಾಳೆದೂ ನೀನ. ಸಾಕು ಅಂತ ನಾ ಅಂದಾಗ ಬಿಡು.”

ಕಸ್ತೂರಿ ಎದ್ದು ಹಿಟ್ಟಿನ ಡಬ್ಬಿ ತೆಗೆದಳು.